ಅಪ್ಪನಿಗೆ ಹಾರ್ಟಿಗೆ, ತಂಗಿಗೆ ತಲೆನೋವಿಗೆ, ಎರಡೂ ಬೀಟಾ ಬ್ಲಾಕರ್ ಮಾತ್ರೆಯಂತೆ. ಇದು ಹೇಗೆ?

ಅರಳಿಕಟ್ಟೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಗೊಂದಲ ಶುರುವಾಗಿದೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಅಪ್ಪನಿಗೆ 61 ವರ್ಷ. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ 50 ಅಂತ ಒಂದಿದೆ, ದಿನಕ್ಕೆ ಒಂದು. ತಂಗಿಗೆ 26 ವರ್ಷ, ಅವಳಿಗೆ ಮೈಗ್ರೇನ್. ತಲೆನೋವು ಬಂತೆಂದರೆ ಕಿಟಕಿ ಬಾಗಿಲು ಮುಚ್ಚಿಕೊಂಡು ಮಲಗಿಬಿಡುತ್ತಾಳೆ, ನೀರು ಕುಡಿದರೂ ವಾಂತಿ. ನರಗಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಪ್ರೊಪ್ರನೊಲಾಲ್ 20, ಬೆಳಗ್ಗೆ ಒಂದು ರಾತ್ರಿ ಒಂದು ಅಂತ ಬರೆದುಕೊಟ್ಟರು. ಎರಡೂ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದಾಗ ಅಲ್ಲಿದ್ದ ಹುಡುಗ "ಎರಡೂ ಬಿಪಿ ಮಾತ್ರೆನೇ" ಅಂದುಬಿಟ್ಟ. ಅಷ್ಟೇ, ಅಮ್ಮ ತಂಗಿಯ ಸ್ಟ್ರಿಪ್ ತೆಗೆದು ಬೀರುವಿನಲ್ಲಿಟ್ಟಿದ್ದಾರೆ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿ, ಬಿಪಿ 110/70 ಇದೆ, ಅವಳಿಗೆ ಯಾಕೆ ಬಿಪಿ ಮಾತ್ರೆ ಅನ್ನುವುದು ಅಮ್ಮನ ಪ್ರಶ್ನೆ. ಇನ್ನೂ ಒಂದು ಮಾತ್ರೆಯನ್ನೂ ತಗೊಂಡಿಲ್ಲ. ಅವಳಿಗೆ ಬೇರೆ ಕಾಯಿಲೆ ಏನೂ ಇಲ್ಲ, ಚಿಕ್ಕಂದಿನಿಂದ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಬರುತ್ತದೆ, ಆಗ ಮಾತ್ರ ಪಂಪ್ ಎಳೆದುಕೊಳ್ಳುತ್ತಾಳೆ.

ಅಪ್ಪನದು ಇನ್ನೊಂದು ಕತೆ. ಮೊದಲು ಹೊಲಕ್ಕೆ ನಡೆದುಕೊಂಡೇ ಹೋಗಿ ಬರುತ್ತಿದ್ದವರು ಈಗ ಮಹಡಿ ಮೆಟ್ಟಿಲು ಹತ್ತಿದರೆ ಕಾಲು ಎತ್ತಿಡಲು ಆಗುವುದಿಲ್ಲ ಅನ್ನುತ್ತಾರೆ. ಅಂಗೈ ತಣ್ಣಗಿರುತ್ತದೆ. ಎಲ್ಲ ಈ 50ರ ಮಾತ್ರೆಯಿಂದಲೇ ಅಂತ ಅವರ ವಾದ. ಬಿಪಿ ನೋಡಿಸಿದರೆ 112/70. "ಬಿಪಿ ನಾರ್ಮಲ್ ಇದೆಯಲ್ಲ, ಇನ್ಯಾಕೆ" ಅಂತ ನಾಳೆಯಿಂದ ಬಿಡುವ ಯೋಚನೆಯಲ್ಲಿದ್ದಾರೆ. ಪಕ್ಕದ ಮನೆಯವರೂ ಹೌದು ಅಂದಿದ್ದಾರೆ.

ಒಂದೇ ಜಾತಿಯ ಮಾತ್ರೆ ಹಾರ್ಟಿಗೂ ತಲೆನೋವಿಗೂ ಹೇಗೆ ಕೆಲಸ ಮಾಡುತ್ತದೆ? ತಂಗಿಗೆ ಕೊಡಬಹುದಾ? ಅಪ್ಪ ಬಿಡಬಹುದಾ?

ತಾಲೂಕು_ಡಾಕ್ಟರ್

ಮೊದಲು ಅರ್ಜೆಂಟ್ ವಿಷಯ. ನೀವು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಆ ಉಬ್ಬಸದ ಮಾತೇ ನಿಮ್ಮ ಇಡೀ ಪ್ರಶ್ನೆಯಲ್ಲಿ ಮುಖ್ಯವಾದದ್ದು. ತಂಗಿ ಪಂಪ್ ಬಳಸುತ್ತಾಳೆ ಅಂತ ಆ ನರಗಳ ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲ ಅಂದರೆ ನಾಳೆಯೇ ಫೋನ್ ಮಾಡಿ ಹೇಳಿ. ಅಲ್ಲಿಯವರೆಗೆ ಪ್ರೊಪ್ರನೊಲಾಲ್ ಶುರು ಮಾಡಬೇಡಿ. ಅಮ್ಮ ಬೇರೆ ಕಾರಣಕ್ಕೆ ಎತ್ತಿಟ್ಟರೂ ಎತ್ತಿಟ್ಟಿದ್ದು ಒಳ್ಳೆಯದೇ ಆಯಿತು. ಉಬ್ಬಸ ಇರುವವರಿಗೆ ಆ ಮಾತ್ರೆ ಶ್ವಾಸನಾಳ ಬಿಗಿಯುವ ಹಾಗೆ ಮಾಡಬಹುದು. ಆಗ ಪಂಪ್ ಎಳೆದುಕೊಂಡರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಅಪ್ಪನ ವಿಷಯ: ಯಾವ ಕಾರಣಕ್ಕೂ ಒಮ್ಮೆಲೇ ಬಿಡಿಸಬೇಡಿ. ಸುಸ್ತು ಇದ್ದರೆ ದಾರಿ ಇದೆ, ಆದರೆ ಆ ದಾರಿ ಅವರ ಹೃದಯದ ಡಾಕ್ಟರ್ ಮೂಲಕವೇ ಹೋಗಬೇಕು.

ಈಗ ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ಹೆದರಿದಾಗ, ಓಡಿದಾಗ, ಸಿಟ್ಟು ಬಂದಾಗ ಮೈಯಲ್ಲಿ ಅಡ್ರಿನಾಲಿನ್ ಮತ್ತು ನೊರಾಡ್ರಿನಾಲಿನ್ ಅನ್ನುವ ಹಾರ್ಮೋನುಗಳು ಜಾಸ್ತಿಯಾಗುತ್ತವೆ. ಇವು ರಕ್ತದಲ್ಲಿ, ನರದ ತುದಿಯಲ್ಲಿ ಸುಮ್ನೆ ಓಡಾಡಿದರೆ ಏನೂ ಆಗುವುದಿಲ್ಲ. ಜೀವಕೋಶದ ಮೇಲೆ ಇವುಗಳಿಗಾಗಿಯೇ ಇರುವ ಗ್ರಾಹಕಗಳಿವೆ, ಅಲ್ಲಿ ಹೋಗಿ ಕೂತರೆ ಮಾತ್ರ ಕೆಲಸ ಶುರು. ಈ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಅಂತ ಎರಡು ಬಗೆ ಇವೆ ಅಂತ 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ತೋರಿಸಿದರು. ಬೀಟಾ ಬ್ಲಾಕರ್ ಮಾಡುವುದು ಇಷ್ಟೇ: ನಮ್ಮ ಸರ್ಕಾರಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಬೀಟಾ ಸೀಟಿನ ಮೇಲೆ ಟವೆಲ್ ಹಾಕಿಬಿಡುತ್ತದೆ. ತಾನೂ ಏನೂ ಮಾಡುವುದಿಲ್ಲ, ಅಡ್ರಿನಾಲಿನ್‌ಗೂ ಕೂರಲು ಬಿಡುವುದಿಲ್ಲ.

ಆ ಸೀಟುಗಳು ಎಲ್ಲೆಲ್ಲಿವೆ ಅನ್ನುವುದರ ಮೇಲೆ ಪರಿಣಾಮ. ಬೀಟಾ 1 ಹೃದಯದಲ್ಲಿ ಜಾಸ್ತಿ, ಮೂತ್ರಪಿಂಡದಲ್ಲೂ ಇದೆ. ಅಲ್ಲಿ ತಡೆದರೆ ಎದೆಬಡಿತ ನಿಧಾನವಾಗುತ್ತದೆ, ಪ್ರತಿ ಬಡಿತದ ರಭಸ ಕಡಿಮೆಯಾಗುತ್ತದೆ, ಮೂತ್ರಪಿಂಡ ಬಿಡುಗಡೆ ಮಾಡುವ ರೆನಿನ್ ಕಡಿಮೆಯಾಗಿ ಬಿಪಿಯೂ ಇಳಿಯುತ್ತದೆ. ಬೀಟಾ 2 ಇರುವುದು ಶ್ವಾಸನಾಳದಲ್ಲಿ, ರಕ್ತನಾಳದಲ್ಲಿ, ಸ್ನಾಯುಗಳಲ್ಲಿ, ಲಿವರ್‌ನಲ್ಲಿ. ಉಬ್ಬಸದ ಪಂಪಿನಲ್ಲಿರುವ ಸಾಲ್ಬುಟಮಾಲ್ ಶ್ವಾಸನಾಳವನ್ನು ಹಿಗ್ಗಿಸುವುದು ಈ ಬೀಟಾ 2 ಮೂಲಕವೇ. ಪ್ರೊಪ್ರನೊಲಾಲ್ ಬೀಟಾ 1, ಬೀಟಾ 2 ಎರಡನ್ನೂ ತಡೆಯುತ್ತದೆ. ಅದಕ್ಕೇ ತಂಗಿಗೆ ಅಪಾಯ. ಅಪ್ಪನ ಮೆಟೊಪ್ರೊಲಾಲ್ ಮುಖ್ಯವಾಗಿ ಬೀಟಾ 1 ಮೇಲೆ ಕೆಲಸ ಮಾಡುತ್ತದೆ, ಡೋಸ್ ಏರಿದಂತೆ ಆ ಭೇದ ಕಡಿಮೆಯಾಗುತ್ತದೆ.

ಹಾರ್ಟ್ ಅಟ್ಯಾಕ್ ಆದವರಿಗೆ ಯಾಕೆ ಕೊಡುತ್ತಾರೆ ಅಂದರೆ, ಹೃದಯ ಇಡೀ ಮೈಗೆ ರಕ್ತ ಕಳಿಸಿದರೂ ಅದರ ಎಡಭಾಗದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಎರಡು ಬಡಿತದ ನಡುವೆ ಅದು ಸಡಿಲವಾದಾಗ. ಬಡಿತ ನಿಧಾನವಾದಷ್ಟೂ ಆ ಬಿಡುವು ಉದ್ದವಾಗುತ್ತದೆ. ಒಂದು ಲೆಕ್ಕ ಹಾಕಿ: ನಿಮಿಷಕ್ಕೆ 72 ಬಡಿತ ಅಂದರೆ ದಿನಕ್ಕೆ 1,03,680. ಅದನ್ನು 60ಕ್ಕೆ ಇಳಿಸಿದರೆ 86,400. ದಿನಕ್ಕೆ 17 ಸಾವಿರಕ್ಕೂ ಜಾಸ್ತಿ ಬಡಿತದ ದುಡಿಮೆ ಉಳಿಯಿತು, ಪೆಟ್ಟು ತಿಂದ ಹೃದಯಕ್ಕೆ. ಜೊತೆಗೆ ಬಡಿತ ತಾಳ ತಪ್ಪಿ ಪ್ರಾಣಕ್ಕೇ ಕುತ್ತು ತರುವ ಸಾಧ್ಯತೆಯೂ ಕಡಿಮೆಯಾಗುತ್ತದೆ.

ಹಾಗಾಗಿ "ಬಿಪಿ ನಾರ್ಮಲ್ ಇದೆ, ಇನ್ಯಾಕೆ" ಅನ್ನುವ ವಾದ ಇಲ್ಲಿ ಹೊಂದುವುದಿಲ್ಲ. ಅಪ್ಪ ಅದನ್ನು ತಗೊಳ್ಳುತ್ತಿರುವುದು ಬಿಪಿಗಲ್ಲ. ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಗೊತ್ತಾ? ಸೀಟಿಗೆಲ್ಲ ಟವೆಲ್ ಬಿದ್ದಿದೆ ಅಂತ ದೇಹ ಅಷ್ಟು ದಿನದಲ್ಲಿ ಹೊಸ ಸೀಟುಗಳನ್ನು ಹಾಕಿಕೊಂಡಿರುತ್ತದೆ. ಮಾತ್ರೆ ನಿಂತ ಕೂಡಲೇ ಹಳೆಯ ಸೀಟು, ಹೊಸ ಸೀಟು ಎಲ್ಲ ಖಾಲಿ, ಅಡ್ರಿನಾಲಿನ್ ಒಟ್ಟಿಗೇ ನುಗ್ಗುತ್ತದೆ. ಬಡಿತ ಏರಿ, ಬಿಪಿ ಏರಿ, ಎದೆನೋವು ಬರಬಹುದು, ಮತ್ತೆ ಅಟ್ಯಾಕ್ ಆಗಬಹುದು. ನಿಲ್ಲಿಸಲೇಬೇಕಾದ ಪ್ರಸಂಗ ಬಂದರೂ ವಾರ ಎರಡು ವಾರ ಹಿಡಿದು ಸ್ವಲ್ಪಸ್ವಲ್ಪವೇ ಇಳಿಸುತ್ತೇವೆ. ಪಕ್ಕದ ಮನೆಯವರಿಗೂ ಇದನ್ನು ಹೇಳಿ.

ಸುಸ್ತಿಗೆ ಈಗಲೇ ಮಾಡಬಹುದಾದದ್ದು: ಅಪ್ಪನನ್ನು ಐದು ನಿಮಿಷ ಕೂರಿಸಿ, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ ಅಥವಾ ಎದ್ದಾಗ ಕಣ್ಣು ಕತ್ತಲೆ ಬಂದರೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ. ತಲೆ ಸುತ್ತಿ ಬಿದ್ದರೆ, ಎದೆನೋವು ಬಂದರೆ, ಉಸಿರಾಟ ಕಷ್ಟವಾದರೆ ಸೀದಾ ಆಸ್ಪತ್ರೆಗೆ. ಮತ್ತೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಕೋ ರಿಪೋರ್ಟ್, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟ್, ಹುಡುಕಿ. ಪಂಪಿಂಗ್ ಎಷ್ಟು ಪರ್ಸೆಂಟ್, ಅಂದರೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅಂತ ಬರೆದಿರುತ್ತಾರೆ, ಅದನ್ನು ಇಲ್ಲಿ ಹಾಕಿ. ಇನ್ನೊಂದು, ಅಪ್ಪನಿಗೆ ಶುಗರ್ ಇದೆಯಾ?

ಡಬರಾ_ಕಾಫಿ

ನಾನು ಡಾಕ್ಟರ್ ಅಲ್ಲ, ಪ್ರೊಪ್ರನೊಲಾಲ್ ತಗೊಳ್ಳುವವನು. ನನಗೆ ಮೈಗ್ರೇನೂ ಇಲ್ಲ, ಬಿಪಿಯೂ ಇಲ್ಲ. ಕೈನಡುಕ. ನಮ್ಮ ತಂದೆಗೂ ಇತ್ತು, ದೊಡ್ಡಪ್ಪನಿಗೂ ಇತ್ತು. ಕೈ ಸುಮ್ನೆ ತೊಡೆ ಮೇಲಿದ್ದರೆ ಏನೂ ಇಲ್ಲ, ಲೋಟ ಎತ್ತಿದ ಕೂಡಲೇ ಶುರು. ಲೋಟದಿಂದ ಡಬರಾಗೆ ಕಾಫಿ ಸುರಿಯುವಾಗ ಅರ್ಧ ತಟ್ಟೆಗೆ, ಮಿಕ್ಕಿದ್ದು ಟೇಬಲ್ಲಿಗೆ. ಮದುವೆ ಮನೆಯಲ್ಲಿ ಯಾರಾದರೂ ಪಾಯಸದ ಬಟ್ಟಲು ಕೈಗೆ ಕೊಟ್ಟರೆ ಬೇಡ ಅಂದುಬಿಡುತ್ತಿದ್ದೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಅಂತ ಚೆಕ್ ವಾಪಸ್ ಬಂದಾಗ ಮನೆಯವರ ಒತ್ತಾಯಕ್ಕೆ ಡಾಕ್ಟರ್ ಹತ್ತಿರ ಹೋದೆ. ಪಾರ್ಕಿನ್ಸನ್ಸ್ ಅಂತ ಎಲ್ಲರಿಗೂ ಭಯ ಇತ್ತು. ಅವರು ಪರೀಕ್ಷೆ ಮಾಡಿ ಇದು ಅದಲ್ಲ, ವಂಶದಲ್ಲಿ ಬರುವ ನಡುಕ ಅಂತ ಹೇಳಿ ಈ ಮಾತ್ರೆ ಕೊಟ್ಟರು. ಸ್ನಾಯುಗಳಲ್ಲಿರುವ ಬೀಟಾ 2 ತಡೆದರೆ ನಡುಕ ಕಡಿಮೆಯಾಗುತ್ತದಂತೆ. ಪೂರ್ತಿ ಹೋಗಲಿಲ್ಲ. ಆದರೆ ಈಗ ಕಾಫಿ ಡಬರಾದಲ್ಲೇ ಬೀಳುತ್ತದೆ, ಸಹಿಯೂ ಹೊಂದುತ್ತದೆ.

ಮೊದಮೊದಲು ವಿಚಿತ್ರ ಕನಸುಗಳು ಬೀಳುತ್ತಿದ್ದವು, ಬೆಚ್ಚಿ ಏಳುತ್ತಿದ್ದೆ. ಡಾಕ್ಟರಿಗೆ ಹೇಳಿದೆ. ಈ ಮಾತ್ರೆ ಮೆದುಳಿಗೂ ಸುಲಭವಾಗಿ ಹೋಗುತ್ತದೆ, ಅದಕ್ಕೇ ಹಾಗೆ ಅಂದರು, ರಾತ್ರಿಯ ಡೋಸನ್ನು ಸಂಜೆಗೆ ಬದಲಾಯಿಸಿದರು. ಈಗ ಪರವಾಗಿಲ್ಲ.

ಒಂದು ವಿಷಯ ನನಗೆ ತುಂಬಾ ಬೇಜಾರು ತರಿಸುತ್ತದೆ. ಇಂಟರ್‌ವ್ಯೂಗೆ ಹೋಗುವ ಹುಡುಗರು, ಸ್ಟೇಜ್ ಮೇಲೆ ಹಾಡುವವರು "ಒಂದು ಮಾತ್ರೆ ಕೊಡಿ ಸಾರ್, ಕೈಕಾಲು ನಡುಗುವುದು ನಿಲ್ಲಲಿ" ಅಂತ ನನ್ನ ಹತ್ತಿರವೇ ಕೇಳುತ್ತಾರೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಎದೆ ಡವಡವ ಅನ್ನುವುದು, ಕೈ ನಡುಗುವುದು ಕಡಿಮೆಯಾಗುತ್ತದೆ. ಎಷ್ಟರ ಮಟ್ಟಿಗೆ ಅಂದರೆ ಶೂಟಿಂಗ್, ಆರ್ಚರಿ ಸ್ಪರ್ಧೆಗಳಲ್ಲಿ ಇದು ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜಾಂಗ್ ಸು ಪ್ರೊಪ್ರನೊಲಾಲ್ ತಗೊಂಡು ಸಿಕ್ಕಿಬಿದ್ದು ಬೆಳ್ಳಿ, ಕಂಚು ಎರಡನ್ನೂ ವಾಪಸ್ ಕೊಡಬೇಕಾಯಿತು. ಆದರೆ ಕೇಳಿದವನಿಗೆ ಉಬ್ಬಸ ಇದೆಯೋ, ನಾಡಿ ಮೊದಲೇ ನಿಧಾನ ಇದೆಯೋ ನನಗೇನು ಗೊತ್ತು? ನಾನು ಯಾರಿಗೂ ಕೊಡುವುದಿಲ್ಲ. ನೀವೂ ಕೊಡಬೇಡಿ.

ಔಷಧಿ_ಕೌಂಟರ್

ನಾನು ಫಾರ್ಮಸಿಸ್ಟ್. "ಎರಡೂ ಬಿಪಿ ಮಾತ್ರೆ" ಅಂತ ಹೇಳಿ ಕಳಿಸುವುದು ನಮ್ಮ ಕಡೆ ತುಂಬಾ ನಡೆಯುತ್ತದೆ, ಅದು ನಿಲ್ಲಬೇಕು. ಆ ಒಂದು ಮಾತಿನಿಂದಲೇ ಎಷ್ಟೋ ಜನ ಬಿಪಿ ಸರಿಯಾಯಿತು ಅಂತ ಮಾತ್ರೆ ಬಿಡುತ್ತಾರೆ, ಬಿಪಿ ಇಲ್ಲ ಅಂತ ಶುರುವೇ ಮಾಡುವುದಿಲ್ಲ.

ಸ್ಟ್ರಿಪ್ ಮೇಲೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರಿರುತ್ತದೆ, ಅದನ್ನು ಬಿಟ್ಟು ಚಿಕ್ಕ ಅಕ್ಷರದ ಹೆಸರು ಓದಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಪ್ರೊಪ್ರನೊಲಾಲ್, ಲ್ಯಾಬೆಟಲಾಲ್, ಟಿಮೊಲಾಲ್, ಇವೆಲ್ಲ ಒಂದೇ ಕುಟುಂಬ. ನಮ್ಮಲ್ಲಿ ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳು ಜಾಸ್ತಿ. ಆಮ್ಲೊಡಿಪಿನ್ ಜೊತೆ ಅಟೆನೊಲಾಲ್, ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್, ಮೈಗ್ರೇನಿಗೆ ಫ್ಲೂನರಿಜಿನ್ ಜೊತೆ ಪ್ರೊಪ್ರನೊಲಾಲ್, ಗಾಬರಿಗೆ ಕೊಡುವ ಕೆಲವು ಮಾತ್ರೆಗಳಲ್ಲೂ ಪ್ರೊಪ್ರನೊಲಾಲ್ ಸೇರಿರುತ್ತದೆ. ತಾವು ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದೇವೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ, ತಂಗಿಗೆ ಬೇರೆ ಮಾತ್ರೆ ಬರೆದುಕೊಟ್ಟರೆ ಹೊಸ ಸ್ಟ್ರಿಪ್ಪಿನ ಚಿಕ್ಕ ಅಕ್ಷರವನ್ನೂ ಪೂರ್ತಿ ಓದಿ.

ಅಪ್ಪನ ಮಾತ್ರೆಯಲ್ಲಿ ಸಕ್ಸಿನೇಟ್ ಅಂತ ಬರೆದು ಹೆಸರಿನ ಮುಂದೆ ಎಕ್ಸ್‌ಎಲ್ ಅಥವಾ ಇಆರ್ ಅಂತ ಇದ್ದರೆ ಅದು ದಿನಪೂರ್ತಿ ನಿಧಾನವಾಗಿ ಬಿಡುಗಡೆಯಾಗುವ ಬಗೆ. ಜಗಿಯಬಾರದು, ಪುಡಿ ಮಾಡಬಾರದು. ವಯಸ್ಸಾದವರಿಗೆ ನುಂಗಲು ಕಷ್ಟ ಅಂತ ಮನೆಯಲ್ಲಿ ಅರೆದು ಬಾಳೆಹಣ್ಣಿನಲ್ಲಿ ಕೊಡುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ರಕ್ತಕ್ಕೆ ಸೇರುತ್ತದೆ. ಟಾರ್ಟ್ರೇಟ್ ಅಂತ ಇದ್ದರೆ ಅದು ಬೇಗ ಕರಗುವ ಬಗೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಕೊಡುತ್ತಾರೆ. ಎರಡೂ ಒಂದರ ಬದಲಿಗೆ ಒಂದಲ್ಲ, ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ಇನ್ನೊಂದು ಕೊಟ್ಟರೆ ತಗೊಳ್ಳಬೇಡಿ. ತಿಂಡಿ ಅಥವಾ ಊಟದ ಜೊತೆ, ದಿನಾ ಒಂದೇ ಹೊತ್ತಿಗೆ.

ಇನ್ನು ಬೇರೆ ಔಷಧಿಗಳ ಜೊತೆ. ವೆರಪಮಿಲ್, ಡಿಲ್ಟಿಯಾಜೆಮ್ ಅಂತ ಹೃದಯದ ಮಾತ್ರೆಗಳಿವೆ, ಬೇರೆ ಡಾಕ್ಟರ್ ಬರೆದುಕೊಟ್ಟಾಗ ಇದರ ಜೊತೆ ಸೇರಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತಗೊಳ್ಳಬೇಡಿ, ಅದು ಬಿಪಿ ಏರಿಸುತ್ತದೆ, ಸ್ಟೆಂಟ್ ಹಾಕಿದವರು ರಕ್ತ ತೆಳುವಾಗುವ ಮಾತ್ರೆಯಲ್ಲಿರುವುದರಿಂದ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಇದೆ.

ಮನೆಯಲ್ಲಿ ಅಜ್ಜಿ ತಾತ ಇದ್ದು ಕಣ್ಣಿನ ಒತ್ತಡಕ್ಕೆ, ಅದೇ ಗ್ಲಾಕೋಮಾಕ್ಕೆ, ಟಿಮೊಲಾಲ್ ಹನಿ ಹಾಕುತ್ತಿದ್ದರೆ ಅದೂ ಬೀಟಾ ಬ್ಲಾಕರೇ. ಕಣ್ಣಿಗೆ ಹಾಕುವ ಹನಿ ತಾನೇ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಕಣ್ಣಿನಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ, ಉಬ್ಬಸ ಇದ್ದವರಿಗೆ ಕೆರಳಿಸಬಹುದು, ನಾಡಿ ನಿಧಾನ ಮಾಡಬಹುದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ.

ಪುಟ್ಟಿ_ಅಮ್ಮ

ನಮ್ಮ ಮಗುವಿಗೂ ಪ್ರೊಪ್ರನೊಲಾಲ್ ಕೊಟ್ಟಿದ್ದರು! ಹುಟ್ಟಿದ ಮೇಲೆ ಕಣ್ಣಿನ ರೆಪ್ಪೆ ಮೇಲೆ ಕೆಂಪು ಚುಕ್ಕೆ ಕಾಣಿಸಿಕೊಂಡು, ನೋಡನೋಡುತ್ತಲೇ ಸ್ಟ್ರಾಬೆರಿ ಹಣ್ಣಿನ ಹಾಗೆ ಉಬ್ಬಿ ಕಣ್ಣು ಮುಚ್ಚುವ ಹಾಗಾಯಿತು. ರಕ್ತನಾಳದ ಗಂಟು, ಹೆಮಾಂಜಿಯೋಮ ಅಂದರು. ಹಾರ್ಟಿನ ಔಷಧಿ ಎಳೆ ಕೂಸಿಗೆ ಯಾಕೆ ಅಂತ ನಮ್ಮ ಅತ್ತೆಗೂ ಇದೇ ಗಾಬರಿ. ಡಾಕ್ಟರ್ ಕೂತು ವಿವರಿಸಿದರು. ಫ್ರಾನ್ಸಿನ ಬೋರ್ಡೋದಲ್ಲಿ ಇಂಥದೇ ಗಂಟಿದ್ದ ಮಗುವಿಗೆ ಹೃದಯದ ತೊಂದರೆಗೆ ಅಂತ ಈ ಔಷಧಿ ಕೊಟ್ಟಾಗ ಗಂಟು ಮೆತ್ತಗಾಗಿ ಬಣ್ಣ ಇಳಿಯಿತಂತೆ, 2008ರಲ್ಲಿ ಅಲ್ಲಿನ ಡಾಕ್ಟರುಗಳು ಅದನ್ನು ಪ್ರಕಟಿಸಿದ ಮೇಲೆ ಎಲ್ಲ ಕಡೆ ಇದೇ ಚಿಕಿತ್ಸೆ ಆಯಿತಂತೆ. ನಮ್ಮ ಪುಟ್ಟಿಗೂ ಗಂಟು ಇಳಿದು ಕಣ್ಣು ಪೂರ್ತಿ ತೆರೆದುಕೊಂಡಿದೆ. ಒಂದೇ ಎಚ್ಚರಿಕೆ ಹೇಳಿದ್ದರು, ಹಾಲು ಕುಡಿಸದೆ ಡ್ರಾಪ್ಸ್ ಕೊಡಬಾರದು, ವಾಂತಿ ಭೇದಿ ಆಗಿ ಹಾಲು ಬಿಟ್ಟರೆ ಆ ಡೋಸ್ ಕೊಡದೆ ಫೋನ್ ಮಾಡಬೇಕು, ಇಲ್ಲದಿದ್ದರೆ ಶುಗರ್ ಇಳಿಯುತ್ತದೆ ಅಂತ.

ಓದುಗ_ಶಿವಮೊಗ್ಗ

ಡಾಕ್ಟ್ರೇ, ಒಂದು ಪ್ರಶ್ನೆ. ಹಾರ್ಟ್ ಅಟ್ಯಾಕ್ ಆದವರಿಗೆ ಬೀಟಾ ಬ್ಲಾಕರ್ ಬೇಕಿಲ್ಲ ಅಂತ ಸ್ವೀಡನ್ ಸಂಶೋಧನೆ ಹೇಳಿದೆ ಅಂತ ಓದಿದ್ದೆ. ನನಗೂ ಹಿಂದೆ ಸ್ಟೆಂಟ್ ಆಗಿದೆ, ಇನ್ನೂ ತಗೊಳ್ಳುತ್ತಿದ್ದೇನೆ. ಜೀವನಪೂರ್ತಿ ಯಾಕೆ ತಗೋಬೇಕು? ಸುಮ್ನೆ ಹಳೆ ಅಭ್ಯಾಸದಿಂದ ಬರೆಯುತ್ತಿದ್ದಾರಾ?

ತಾಲೂಕು_ಡಾಕ್ಟರ್

ಒಳ್ಳೆಯ ಪ್ರಶ್ನೆ ಸರ್. ನೀವು ಓದಿದ್ದು ನಿಜ, ಆದರೆ ಅದು ಎಲ್ಲರಿಗೂ ಅನ್ವಯಿಸುವುದಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಈ ಔಷಧಿಯನ್ನು ಹುಡುಕಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಆಗೆಲ್ಲ ಎದೆನೋವಿಗೆ ಹೃದಯಕ್ಕೆ ರಕ್ತ ಜಾಸ್ತಿ ಕಳಿಸುವುದು ಹೇಗೆ ಅಂತ ಯೋಚನೆ ನಡೆಯುತ್ತಿತ್ತು. ಇವರು ತಿರುಗಿಸಿ, ಹೃದಯದ ಬೇಡಿಕೆಯನ್ನೇ ಯಾಕೆ ಕಡಿಮೆ ಮಾಡಬಾರದು ಅಂತ ಕೇಳಿದರು. ಮೊದಲು ಮಾಡಿದ ಪ್ರೊನೆಥಲಾಲ್ ಇಲಿಗಳಲ್ಲಿ ಗೆಡ್ಡೆ ತಂದಿದ್ದರಿಂದ ಕೈಬಿಟ್ಟರು. ಆಮೇಲೆ ಬಂದದ್ದೇ ಪ್ರೊಪ್ರನೊಲಾಲ್. 1988ರಲ್ಲಿ ಅವರಿಗೆ ನೊಬೆಲ್ ಬಂತು. 1980ರ ದಶಕದ ದೊಡ್ಡ ಪ್ರಯೋಗಗಳಲ್ಲಿ ಅಟ್ಯಾಕ್ ಆದವರಲ್ಲಿ ಸಾವು ಕಡಿಮೆಯಾದದ್ದು ಗಟ್ಟಿಯಾಗಿ ಕಂಡಿತು, ಅಲ್ಲಿಂದ ಎಲ್ಲರಿಗೂ ಬರೆಯುವುದು ರೂಢಿಯಾಯಿತು. ಆದರೆ ಆ ಪ್ರಯೋಗಗಳ ಕಾಲದಲ್ಲಿ ಸ್ಟೆಂಟ್ ಆಗಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಆಗಲಿ ಬಳಕೆಯಲ್ಲಿರಲಿಲ್ಲ. ಈಗ ಬೇಗ ಬಂದವರಿಗೆ ರಕ್ತನಾಳ ತೆರೆದುಬಿಡುತ್ತೇವೆ, ಹೃದಯದ ಸ್ನಾಯು ಅಷ್ಟಾಗಿ ಹಾಳಾಗುವುದಿಲ್ಲ. ಅಂಥವರಿಗೂ ಬೇಕಾ ಅನ್ನುವ ಪ್ರಶ್ನೆ ಏಳಬೇಕಾದದ್ದೇ.

2024ರ ಸ್ವೀಡನ್ ಕಡೆಯ ಪ್ರಯೋಗದಲ್ಲಿ ಸುಮಾರು 5 ಸಾವಿರ ಜನ ಇದ್ದರು, ಎಲ್ಲರ ಪಂಪಿಂಗ್ 50 ಅಥವಾ ಅದಕ್ಕಿಂತ ಜಾಸ್ತಿ. ಅವರಲ್ಲಿ ಮಾತ್ರೆ ತಗೊಂಡವರಿಗೂ ತಗೊಳ್ಳದವರಿಗೂ ಸಾವಿನಲ್ಲಾಗಲಿ, ಮತ್ತೆ ಅಟ್ಯಾಕ್ ಆಗುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2025ರಲ್ಲಿ ಸ್ಪೇನ್ ಮತ್ತು ಇಟಲಿಯ ದೊಡ್ಡ ಪ್ರಯೋಗವೂ ಲಾಭ ಇಲ್ಲ ಅಂದಿತು. ಅದೇ ಸಮಯಕ್ಕೆ ನಾರ್ವೆ ಮತ್ತು ಡೆನ್ಮಾರ್ಕಿನ ಪ್ರಯೋಗ ಸ್ವಲ್ಪ ಲಾಭ ಇದೆ ಅಂದಿತು. ಇದೆಲ್ಲ ಪಂಪಿಂಗ್ ಚೆನ್ನಾಗಿರುವ ಅಥವಾ ಸ್ವಲ್ಪ ಮಾತ್ರ ಇಳಿದವರ ಮಾತು. 40ಕ್ಕಿಂತ ಕೆಳಗೆ ಇಳಿದವರ ವಿಷಯದಲ್ಲಿ ಜಗಳವೇ ಇಲ್ಲ, ಅವರಿಗೆ ಬೇಕೇ ಬೇಕು. ಇನ್ನು, ತಗೊಳ್ಳುತ್ತಿದ್ದವರು ನಿಲ್ಲಿಸಿದರೆ ಏನಾಗುತ್ತದೆ ಅಂತ ಫ್ರಾನ್ಸಿನಲ್ಲಿ ನೋಡಿದರು, ಅದರ ಫಲಿತಾಂಶವೂ 2024ರಲ್ಲೇ ಬಂತು. ನಿಲ್ಲಿಸಿದ ಗುಂಪಿನಲ್ಲಿ ಹೃದಯದ ತೊಂದರೆಗೆ ಆಸ್ಪತ್ರೆ ಸೇರಿದವರು ಜಾಸ್ತಿ. ಹಾಗಾಗಿ ಸರ್, ನಿಮ್ಮ ಎಕೋ ರಿಪೋರ್ಟ್ ಹಿಡಿದು ಹೋಗಿ "ನನಗೆ ಇದು ಇನ್ನೂ ಯಾಕೆ ಬೇಕು" ಅಂತ ಡಾಕ್ಟರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ. ನಿಮ್ಮಷ್ಟಕ್ಕೆ ನಿಲ್ಲಿಸುವುದು ಮಾತ್ರ ಬೇಡ.

ಪಂಪಿಂಗ್ ಕಡಿಮೆಯಾದ ಹೃದಯಕ್ಕೆ ಇದು ಒಳ್ಳೆಯದು ಅನ್ನುವುದು ಒಂದು ಕಾಲದಲ್ಲಿ ತಲೆಕೆಳಗಾದ ಮಾತಾಗಿತ್ತು. ಸೋತ ಹೃದಯವನ್ನು ಇನ್ನೂ ನಿಧಾನ ಮಾಡುವ ಔಷಧಿಯನ್ನು ಕೊಡಲೇಬಾರದು ಅಂತ ಪಠ್ಯಪುಸ್ತಕದಲ್ಲೇ ಇತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ಡಾಕ್ಟರುಗಳು ಕೆಲವೇ ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡಿದ್ದರೂ ಜಗತ್ತು ನಂಬಲು ಎರಡು ದಶಕ ಬೇಕಾಯಿತು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್‌ನ ಎರಡು ಬೇರೆಬೇರೆ ಪ್ರಯೋಗಗಳಲ್ಲೂ ಸಾವು ಶೇಕಡಾ 34ರಷ್ಟು ಕಡಿಮೆಯಾಯಿತು. ಅಡ್ರಿನಾಲಿನ್ ಹಗಲೂ ರಾತ್ರಿ ಚಾಟಿ ಬೀಸುತ್ತಿದ್ದರೆ ದುರ್ಬಲ ಹೃದಯ ಇನ್ನೂ ಬೇಗ ಸವೆಯುತ್ತದೆ, ಅದನ್ನು ತಡೆದರೆ ತಿಂಗಳುಗಳಲ್ಲಿ ಪಂಪಿಂಗ್ ಚೇತರಿಸಿಕೊಳ್ಳುತ್ತದೆ. ಆದರೆ ತೀರಾ ಸಣ್ಣ ಡೋಸಿನಿಂದ ಶುರು ಮಾಡಬೇಕು. ಬಿಸೊಪ್ರೊಲಾಲ್ ಆದರೆ 1.25, ಕಾರ್ವೆಡಿಲಾಲ್ ಆದರೆ 3.125. ಎರಡು ವಾರಕ್ಕೊಮ್ಮೆ ನೋಡಿಕೊಂಡು ಏರಿಸುವುದು. ಮೊದಲ ಕೆಲವು ವಾರ ಸುಸ್ತು ಜಾಸ್ತಿಯಾಗುವುದೂ ಉಂಟು, ಅಲ್ಲೇ ತುಂಬಾ ಜನ ಬಿಟ್ಟುಬಿಡುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ, ಒಳ್ಳೆಯದಾಗುವ ಮೊದಲೇ ನಿಲ್ಲಿಸಿರುತ್ತಾರೆ.

ಬರೀ ಬಿಪಿ ಇದ್ದವರಿಗೆ ಮಾತ್ರ ಇದು ಈಗ ಮೊದಲ ಆಯ್ಕೆ ಅಲ್ಲ. 2002ರಲ್ಲಿ ಬಂದ ಹೋಲಿಕೆಯಲ್ಲಿ ಲೊಸಾರ್ಟನ್ ಅನ್ನುವ ಬೇರೆ ಬಗೆಯ ಬಿಪಿ ಮಾತ್ರೆ ತಗೊಂಡವರಿಗಿಂತ ಅಟೆನೊಲಾಲ್ ತಗೊಂಡವರಲ್ಲಿ ಪಾರ್ಶ್ವವಾಯು ಜಾಸ್ತಿ ಕಂಡಿತ್ತು. ಥೈರಾಯ್ಡ್ ಜಾಸ್ತಿಯಾಗಿ ಎದೆ ಓಡುವವರಿಗೆ, ಲಿವರ್ ಗಟ್ಟಿಯಾಗಿ ಅನ್ನನಾಳದ ರಕ್ತನಾಳ ಊದಿದವರಿಗೆ, ಗರ್ಭಿಣಿಯರ ಬಿಪಿಗೆ ಲ್ಯಾಬೆಟಲಾಲ್, ಹೀಗೆ ಇನ್ನೂ ಉಪಯೋಗಗಳಿವೆ. ಕಾರಣ ಯಾವುದು ಅನ್ನುವುದರ ಮೇಲೆ ಡೋಸೂ ಬೇರೆ, ಎಷ್ಟು ಕಾಲ ಅನ್ನುವುದೂ ಬೇರೆ. ಅದಕ್ಕೇ ಚೀಟಿ ಬರೆಸಿಕೊಳ್ಳುವಾಗ "ಇದು ಯಾವುದಕ್ಕೆ" ಅಂತ ಕೇಳಿ, ಮಾತ್ರೆಯ ಹೆಸರಿನ ಪಕ್ಕ ಕನ್ನಡದಲ್ಲಿ ಬರೆಸಿಕೊಳ್ಳಿ.

ಅರಳಿಕಟ್ಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ನೀವು ಹೇಳಿದ ಹಾಗೆ ನರಗಳ ಡಾಕ್ಟರಿಗೆ ಫೋನ್ ಮಾಡಿದೆವು. ಪಂಪ್ ವಿಷಯ ಕೇಳಿದ ಕೂಡಲೇ ಪ್ರೊಪ್ರನೊಲಾಲ್ ಬೇಡವೇ ಬೇಡ, ನಾಳೆ ಬನ್ನಿ ಬೇರೆ ಬರೆಯುತ್ತೇನೆ ಅಂದರು. ಅಮ್ಮ ಈಗ ಸಮಾಧಾನವಾಗಿದ್ದಾರೆ.

ಅಪ್ಪನ ನಾಡಿ ಕೂರಿಸಿ ಎಣಿಸಿದರೆ 46. ಎರಡು ಸಲ ನೋಡಿದೆ, ಅಷ್ಟೇ. ಅದೇ ದಿನ ಹೃದಯದ ಡಾಕ್ಟರ್ ಹತ್ತಿರ ಹೋದೆವು. ಇಸಿಜಿ ತೆಗೆದು, ಹೃದಯದ ವಿದ್ಯುತ್ ಸಂಕೇತಕ್ಕೆ ಬ್ಲಾಕ್ ಏನೂ ಇಲ್ಲ ಅಂತ ನೋಡಿಕೊಂಡು, 50 ಇದ್ದದ್ದನ್ನು 25 ಮಾಡಿದರು. ಎಕೋದಲ್ಲಿ ಪಂಪಿಂಗ್ 38 ಅಂತ ಇದೆ, ಈ ಮಾತ್ರೆ ನಿಲ್ಲಿಸುವಂತಿಲ್ಲ ಅಂತ ಅಪ್ಪನಿಗೇ ಮುಖಾಮುಖಿ ಹೇಳಿದರು. ಅವರ ಬಾಯಿಂದ ಕೇಳಿದ ಮೇಲೆ ಅಪ್ಪ ಒಪ್ಪಿದ್ದಾರೆ.

ಶುಗರ್ ಇದೆ ಸರ್, ಗ್ಲಿಮೆಪಿರೈಡ್ ತಗೊಳ್ಳುತ್ತಾರೆ. ನೀವು ಯಾಕೆ ಕೇಳಿದಿರಿ? ಮತ್ತೆ ಒಂದು ದಿನ ಮಾತ್ರೆ ಮರೆತರೆ ಏನು ಮಾಡಬೇಕು? ತಂಗಿಯ ಹೊಸ ಮಾತ್ರೆ ಬಗ್ಗೆ ಏನಾದರೂ ಹೇಳಬೇಕಾದದ್ದು ಇದೆಯಾ?

ತಾಲೂಕು_ಡಾಕ್ಟರ್

ಓದಿ ಮನಸ್ಸಿಗೆ ನೆಮ್ಮದಿಯಾಯಿತು. ಅದೇ ದಿನ ಹೋಗಿದ್ದು ತುಂಬಾ ಒಳ್ಳೆಯದಾಯಿತು.

ಶುಗರ್ ಕೇಳಿದ್ದು ಯಾಕೆಂದರೆ, ಗ್ಲಿಮೆಪಿರೈಡ್‌ನಿಂದ ಶುಗರ್ ತೀರಾ ಇಳಿಯಬಹುದು. ಇಳಿದಾಗ ಎದೆ ಡವಡವ ಅನ್ನುವುದು, ಕೈ ನಡುಗುವುದು ಅಡ್ರಿನಾಲಿನ್ ಕೊಡುವ ಎಚ್ಚರಿಕೆ. ಬೀಟಾ ಬ್ಲಾಕರ್ ತಗೊಂಡವರಲ್ಲಿ ಈ ಎಚ್ಚರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಬೆವರು ಮಾತ್ರ ಬರುತ್ತದೆ, ಅದನ್ನು ಈ ಮಾತ್ರೆ ತಡೆಯುವುದಿಲ್ಲ. ಹಾಗಾಗಿ ಅಪ್ಪನಿಗೆ ಸುಮ್ಮಸುಮ್ಮನೆ ತಣ್ಣನೆ ಬೆವರು ಬಂದು ಮಾತು ತಡವರಿಸಿದರೆ ಮೀಟರ್‌ನಲ್ಲಿ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಎಚ್ಚರ ಇರುವಾಗಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಕುಡಿಸಿಯೇ ಬಿಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಬೆವರಿನ ಜೊತೆ ಎದೆನೋವು ಇದ್ದರೂ ಅಷ್ಟೇ, ತಡ ಮಾಡಬೇಡಿ. ಮಾತ್ರೆ ನುಂಗಿ ಊಟ ತಡ ಮಾಡುವುದು ಬೇಡ.

ಮಾತ್ರೆ ಮರೆತರೆ ನೆನಪಾದಾಗ ತಗೊಳ್ಳಲಿ. ಮುಂದಿನ ಡೋಸಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಮಾತ್ರ ಬೇಡ. ಊರಿಗೆ ಹೋಗುವಾಗ, ಹಬ್ಬದ ಸಾಲುರಜೆ ಬಂದಾಗ ಸ್ಟ್ರಿಪ್ ಖಾಲಿಯಾಗದಂತೆ ಮೊದಲೇ ತಂದಿಟ್ಟುಕೊಳ್ಳಿ, ತುಂಬಾ ಜನರಲ್ಲಿ ಮಾತ್ರೆ ಒಮ್ಮೆಲೇ ನಿಲ್ಲುವುದು ಹೀಗೇ.

ವಾಕಿಂಗ್ ಮಾಡುವಾಗ ವಾಚಿನಲ್ಲಿ ನಾಡಿ 110 ಬರಲಿ, 120 ಬರಲಿ ಅಂತ ಜೋರಾಗಿ ನಡೆಸಬೇಡಿ. ಈ ಮಾತ್ರೆಯಲ್ಲಿ ಅಷ್ಟು ಏರುವುದಿಲ್ಲ. ಮಾತಾಡಿಕೊಂಡು ನಡೆಯಲು ಆಗುವಷ್ಟು ವೇಗ ಸಾಕು.

ತಂಗಿಯ ವಿಷಯ: ಮದುವೆ ಮಾತುಕತೆ ನಡೆಯುತ್ತಿದೆ ಅಂತ ಆ ಡಾಕ್ಟರಿಗೆ ಮರೆಯದೆ ಹೇಳಿ. ಮೈಗ್ರೇನ್ ತಡೆಯಲು ಕೊಡುವ ಟೋಪಿರಮೇಟ್, ವಾಲ್ಪ್ರೋಯೇಟ್ ಗರ್ಭದಲ್ಲಿರುವ ಮಗುವಿಗೆ ತೊಂದರೆ ಮಾಡುತ್ತವೆ, ಅದನ್ನು ಲೆಕ್ಕಕ್ಕೆ ತಗೊಂಡೇ ಅವರು ಆಯ್ಕೆ ಮಾಡುತ್ತಾರೆ. ಯಾವುದೇ ಕೊಟ್ಟರೂ ಇವು ತಲೆನೋವು ಬಂದಾಗ ನುಂಗುವ ಮಾತ್ರೆಗಳಲ್ಲ, ಬರದ ಹಾಗೆ ದಿನಾ ತಗೊಳ್ಳುವವು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ತಲೆನೋವಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ, ಅರ್ಧಕ್ಕೆ ಇಳಿದರೂ ಔಷಧಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ಇನ್ನು ಬೀರುವಿನಲ್ಲಿರುವ ಪ್ರೊಪ್ರನೊಲಾಲ್ ಸ್ಟ್ರಿಪ್, ಅಪ್ಪನ ಉಳಿದ 50ರ ಸ್ಟ್ರಿಪ್ ಎರಡನ್ನೂ ಇವತ್ತೇ ಔಷಧಿ ಡಬ್ಬಿಯಿಂದ ಬೇರೆ ಮಾಡಿ, ಅಂಗಡಿಗೆ ವಾಪಸ್ ಕೊಟ್ಟುಬಿಡಿ.